ಗೆದ್ದ ಮೇಲೂ ಮರುಮತದಾನ ಕೇಳಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಜೊತೆ ವಾದಕ್ಕಿಳಿದರೆ ನೀವು ಸೋಲಬಹುದು, ಅದೃಷ್ಟ ಚೆನ್ನಾಗಿದ್ದರೆ ಗೆಲ್ಲಲೂಬಹುದು. ಆದರೆ ವಾದ ಮುಗಿಸುವುದು ಮಾತ್ರ ಬ್ರಹ್ಮನಿಂದಲೂ ಆಗದ ಕೆಲಸ! ಎಲ್ಲರೂ ಒಪ್ಪಿ, ಕೈತೊಳೆದು, ಕಾಫಿ ಕುಡಿದು, ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಅವರ ದನಿ ಕೇಳುತ್ತದೆ. "ಇನ್ನೊಂದ್ಸಲ ಕೇಳೋಣ. ಯಾಕೋ ಸರಿಯಾಗಿ ಕೇಳ್ಲಿಲ್ಲ ಅನ್ಸುತ್ತೆ."

ಇಲ್ಲಿ ವರ್ಜೀನಿಯಾದಲ್ಲಿ ಬಹಳ ಕಾಲ ಗಣಿತದ ಟೀಚರ್ ಆಗಿದ್ದವರು. ಉತ್ತರ ಸರಿ ಬಂದರೂ ಸ್ಟೆಪ್ಸ್ ತಪ್ಪಿದ್ದರೆ ಮಾರ್ಕ್ಸ್ ಇಲ್ಲ ಅನ್ನುವ ಜಾತಿ. ರಿಟೈರ್ ಆದ ಮೇಲೆ ತಿದ್ದೋಕೆ ಪೇಪರ್‌ಗಳು ಸಿಗದೆ ಲೋಕವನ್ನೇ ತಿದ್ದಲು ಹೊರಟರು.

ಕೋವಿಡ್ ಕಾಲದಲ್ಲಿ ಡರ್ಹಮ್‌ನಲ್ಲಿರುವ ಅವರ ಮಗಳಿಗೆ ಹೆಣ್ಣುಮಗು ಹುಟ್ಟಿತು. ಯಾರೂ ಹೋಗುವ ಹಾಗಿಲ್ಲ. ಜೂಮ್‌ನಲ್ಲೇ ಎಲ್ಲರೂ ಕೈಯೆತ್ತಿ ಹೆಸರು ಆರಿಸಿದೆವು, ಜೂಮ್‌ನಲ್ಲೇ ನಾಮಕರಣವೂ ಆಯಿತು. ಮಾರನೆಯ ದಿನ ದೊಡ್ಡಮ್ಮನ ಫೋನು: "ಬೀಗಿತ್ತಿ ಪಾಪ ಮ್ಯೂಟ್‌ನಲ್ಲಿದ್ರು ಕಣೇ! ಅವರೇನು ಹೇಳಿದ್ರೋ ಯಾರಿಗೆ ಗೊತ್ತು?" ಮತ್ತೆ ಎಲ್ಲರನ್ನೂ ಕೂಡಿಸಿದರು. ಬೀಗಿತ್ತಿ ಮ್ಯೂಟ್ ತೆಗೆದು ಹೇಳಿದ್ದೇನು? ಅದೇ ಹೆಸರು! ನಾವೆಲ್ಲ ಹಣೆ ಚಚ್ಚಿಕೊಂಡರೆ ದೊಡ್ಡಮ್ಮ ಮಾತ್ರ ಹಾಯಾಗಿ ನಕ್ಕು, "ಈಗ ಮಗುಗೆ ನ್ಯಾಯವಾಗಿ ಹೆಸರು ಬಂತು ನೋಡು" ಅಂದರು.

ಇಂಥವರ ಕೈಗೆ ಒಂದು ನಿಜವಾದ ಮತದಾನ ಸಿಕ್ಕಿದರೆ?

ಸಿಕ್ಕೇಬಿಟ್ಟಿತು. ದೊಡ್ಡಮ್ಮ ದೊಡ್ಡಪ್ಪ ಇರುವುದು ಸೆಂಟರ್‌ವಿಲ್‌ನ ಒಂದು ಟೌನ್‌ಹೌಸ್ ಕಾಲೊನಿಯಲ್ಲಿ. ಅಲ್ಲಿ ಎಲ್ಲರಿಗೂ ಸೇರಿದ ಹಳೆಯ ಈಜುಕೊಳ. ಲಾಕ್‌ಡೌನ್‌ನಲ್ಲಿ ಮುಚ್ಚಿದ್ದು, ಬಿರುಕು ಬಿಟ್ಟು, ಕಪ್ಪೆಗಳ ಪಾಲಾಗಿತ್ತು. ರಿಪೇರಿ ಮಾಡಿಸಿ ಉಳಿಸೋಣ ಅಂತ ಅರ್ಧ ಕಾಲೊನಿ, ಮಣ್ಣು ತುಂಬಿಸಿ ಹುಲ್ಲು ಬೆಳೆಸೋಣ ಅಂತ ಇನ್ನರ್ಧ. ಮಣ್ಣಿನ ಪಕ್ಷಕ್ಕೆ ನಾಯಕಿ ಯಾರು ಅಂತೀರಿ? ದೊಡ್ಡಮ್ಮನೇ! ಕೊಳ ಅವರ ಬೆಡ್‌ರೂಮ್ ಕಿಟಕಿಯ ಕೆಳಗೇ ಇದೆ. ಮಕ್ಕಳ ಕಿರುಚಾಟದಲ್ಲಿ ಮಧ್ಯಾಹ್ನದ ನಿದ್ದೆ ಕೆಟ್ಟರೆ ಅವರು ಕ್ಷಮಿಸುವವರಲ್ಲ.

ನೀರಿನ ಪಕ್ಷಕ್ಕೆ ನಾಯಕಿ ಎದುರುಮನೆಯ ಫ್ಲೇವಿ ಆಂಟಿ. ಮಂಗಳೂರಿನವರು, ನರ್ಸ್. ಇಬ್ಬರೂ ಎಷ್ಟೋ ವರ್ಷಗಳಿಂದ ಗೆಳತಿಯರು. ದೊಡ್ಡಮ್ಮನ ಹುಳಿಪುಡಿ ಆ ಮನೆಗೆ, ಫ್ಲೇವಿ ಆಂಟಿ ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ, ಅಂದರೆ ಕುಸ್ವಾರ್‌ನ, ಡಬ್ಬಿ ಈ ಮನೆಗೆ. ಈಗ ಅದೆಲ್ಲ ಬಂದ್! ಸಂಜೆ ವಾಕಿಂಗ್‌ನಲ್ಲಿ ಒಬ್ಬರು ರಸ್ತೆಯ ಈಚೆ, ಒಬ್ಬರು ಆಚೆ. ಮಧ್ಯದಲ್ಲಿ ದೊಡ್ಡಪ್ಪ, ಯಾರಿಗೆ ಕೈಬೀಸಿದರೂ ಕಷ್ಟ ಅಂತ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಡೆಯುತ್ತಿದ್ದರು.

ಕಾಲೊನಿ ಸಂಘದ ಅಧ್ಯಕ್ಷರು ಅಮೆರಿಕನ್, ನಿವೃತ್ತ ವಕೀಲರು. ಮನೆಗೊಂದು ವೋಟು ಅಂತ ಮತಪತ್ರ ಕಳಿಸಿದರು. ಅದರಲ್ಲಿದ್ದ ಪ್ರಶ್ನೆಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಈಜುಕೊಳವನ್ನು ಮುಚ್ಚದಿರುವ ಪ್ರಸ್ತಾವವನ್ನು ಕೈಬಿಡಲು ನಿಮ್ಮ ವಿರೋಧವಿಲ್ಲವೆಂದು ಒಪ್ಪುತ್ತೀರಾ? ಹೌದು ಅಥವಾ ಇಲ್ಲ." ಏನರ್ಥ ಆಯಿತು? ನನಗೂ ಆಗಲಿಲ್ಲ! ಅಂತೂ ನಾಲ್ಕಾರು ವೋಟಿನಿಂದ ಮಣ್ಣಿನ ಪಕ್ಷ ಗೆದ್ದಿತು. ದೊಡ್ಡಮ್ಮ ಕೇಸರಿಬಾತ್ ಮಾಡಿ ಹಂಚಿದರು. ಜೆಸಿಬಿ ಬರುವ ದಿನವೂ ಗೊತ್ತಾಯಿತು.

ಆ ಶನಿವಾರ ನಾನು ಪಕ್ಕದೂರು ಶ್ಯಾಂಟಿಲಿಯ ನಮ್ಮ ಮನೆಯಿಂದ ಹೋಗಿ ದೊಡ್ಡಮ್ಮನನ್ನು ಇಂಡಿಯನ್ ಸ್ಟೋರಿಗೆ ಕರಕೊಂಡು ಹೋಗಿದ್ದೆ. ಕೊತ್ತಂಬರಿ ಸೊಪ್ಪಿನ ಹತ್ತಿರ ಅದೇ ಕಾಲೊನಿಯ ಶ್ರುತಿ ಸಿಕ್ಕಳು. ಬೆಂಗಳೂರಿನ ಹುಡುಗಿ, ಎರಡು ಪುಟ್ಟ ಮಕ್ಕಳ ತಾಯಿ. ಮುಖ ಸಪ್ಪಗಿತ್ತು.

"ಏನ್ ಆಂಟಿ, ಪೂಲ್ ಉಳೀಲಿ ಅಂತ ನಾವು ಯೆಸ್ ಹಾಕಿದ್ವಿ, ಪಕ್ಕದ್ಮನೆಯವ್ರೂ ಯೆಸ್ ಹಾಕಿದ್ರು. ಆದ್ರೂ ಸೋತ್ವಲ್ಲ!"

ದೊಡ್ಡಮ್ಮನ ಕೈಯಲ್ಲಿದ್ದ ಕಟ್ಟು ಹಾಗೇ ನಿಂತಿತು. "ಯೆಸ್ ಹಾಕಿದ್ರಾ? ಯೆಸ್ ಅಂದ್ರೆ ಮುಚ್ಚಿ ಅಂತ ಕಣೇ!"

ಶ್ರುತಿಯ ಕಣ್ಣು ತುಂಬಿಕೊಂಡಿತು. ಬೇರೆಯವರಾಗಿದ್ದರೆ ಸುಮ್ಮನೆ ಸೊಪ್ಪು ತಗೊಂಡು ಬರುತ್ತಿದ್ದರೋ ಇಲ್ಲವೋ? ದೊಡ್ಡಮ್ಮ ಸೊಪ್ಪನ್ನೇ ಮರೆತು ಕಾರಿಗೆ ಬಂದರು. "ಅಧ್ಯಕ್ಷರ ಮನೆಗೆ ಡ್ರೈವ್ ಮಾಡು."

ಬಾಗಿಲಲ್ಲೇ ಇಂಗ್ಲಿಷಿನಲ್ಲಿ ಶುರುವಾಯಿತು.

"ಮರುಮತದಾನ ಆಗ್ಬೇಕು."

"ಆದರೆ ಮೇಡಂ, ಗೆದ್ದಿದ್ದು ನೀವೇ ಅಲ್ವಾ?"

"ಅದಕ್ಕೇ ನಾನು ಕೇಳ್ತಿರೋದು! ಸೋತವರು ಕೇಳಿದ್ರೆ ಹೊಟ್ಟೆಕಿಚ್ಚು ಅಂತೀರಿ."

ವಕೀಲರು ತಮ್ಮ ಪ್ರಶ್ನೆಯನ್ನು ತಾವೇ ಎರಡು ಸಲ ಓದಿದರು. ಮೂರನೇ ಸಲ ಗಟ್ಟಿಯಾಗಿ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, "ನಾನೂ ತಪ್ಪು ಹಾಕಿದ್ದೀನಿ ಅನ್ಸುತ್ತೆ" ಅಂದರು!

ಆದರೂ ಒಂದು ನ್ಯಾಯವಾದ ಮಾತು ಎತ್ತಿದರು. "ಸರಿ, ಇನ್ನೊಮ್ಮೆ ನಡೆಸೋಣ. ಈ ಸಲ ನೀವು ಸೋತರೆ? ಮೂರನೆಯದು ಕೇಳ್ತೀರಿ. ಆಮೇಲೆ ನಾಲ್ಕನೆಯದು. ಇದಕ್ಕೆ ಕೊನೆ ಎಲ್ಲಿ?"

ದೊಡ್ಡಮ್ಮ ಟೀಚರ್ ಹಾಗೆ ಬೆರಳೆತ್ತಿದರು. "ಉತ್ತರ ಇಷ್ಟ ಆಗ್ಲಿಲ್ಲ ಅಂತ ಮತ್ತೆ ಕೇಳ್ಬಾರ್ದು. ಪ್ರಶ್ನೆ ಅರ್ಥ ಆಗಿಲ್ಲ ಅಂದ್ರೆ ಕೇಳ್ಲೇಬೇಕು. ಈ ಸಲ ಎರಡೂ ಪಕ್ಷ ಕೂತು ಪ್ರಶ್ನೆ ಬರೀಲಿ. ಬಂದದ್ದನ್ನ ಒಪ್ತೀವಿ ಅಂತ ಮೊದಲೇ ಹೇಳ್ತೀವಿ."

ಎರಡೂ ಪಕ್ಷ ಕೂರಬೇಕು ಅಂದರೆ ಫ್ಲೇವಿ ಆಂಟಿ ಬರಬೇಕಲ್ಲ! ದೊಡ್ಡಮ್ಮ ತಾವೇ ರಸ್ತೆ ದಾಟಿ ಕರೆದರು. ಭಾನುವಾರ ಚರ್ಚ್ ಮುಗಿಸಿ ಫ್ಲೇವಿ ಆಂಟಿ ಬಂದು, ಅಡಿಗೆಮನೆಯ ಮೇಜಿನ ತುದಿಯಲ್ಲಿ ಬಿಗುವಾಗಿ ಕುಳಿತರು.

"'ಕೊಳವನ್ನು ಮುಚ್ಚಬೇಕೇ?' ಅಂತ ಕೇಳೋಣ" ಎಂದರು ದೊಡ್ಡಮ್ಮ.

"ಅದೆಂತದು ಮಾರಾಯ್ರೆ? ಮುಚ್ಚೋ ಮಾತನ್ನೇ ಮುಂದಿಟ್ಟರೆ ಜನ ಮುಚ್ಚಿ ಅಂತಾರೆ. 'ಉಳಿಸಬೇಕೇ' ಅಂತ ಕೇಳಿ."

"ಆಹಾ! ಉಳಿಸೋದು ಅಂದ್ರೆ ಪುಣ್ಯದ ಕೆಲಸ ಅಂದ್ಕೋತಾರೆ!"

ಕಾಫಿ ಎರಡು ಸಲ ಆಯಿತು. ಹಾಲ್‌ನಲ್ಲಿ ಕ್ರಿಕೆಟ್ ನೋಡುತ್ತಿದ್ದ ದೊಡ್ಡಪ್ಪ ಕೂತಲ್ಲಿಂದಲೇ ಕೂಗಿದರು. "ಎರಡು ಚೌಕ ಹಾಕ್ರಪ್ಪ. ಒಂದ್ರಲ್ಲಿ ನೀರು, ಒಂದ್ರಲ್ಲಿ ಹುಲ್ಲು. ಬೇಕಾದ್ದಕ್ಕೆ ಟಿಕ್ ಮಾಡ್ಲಿ."

"ನೀವು ಸುಮ್ನಿರಿ!" ಅಂತ ಇಬ್ಬರೂ ಒಟ್ಟಿಗೆ ಗದರಿದರು. ಒಟ್ಟಿಗೆ ಗದರಿದ್ದಕ್ಕೆ ಇಬ್ಬರಿಗೂ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು, ನಿಲ್ಲಲೇ ಇಲ್ಲ. ಕೊನೆಗೆ ದೊಡ್ಡಪ್ಪನ ಎರಡು ಚೌಕಗಳೇ ಗಟ್ಟಿಯಾದವು.

ಮಣ್ಣಿನ ಪಕ್ಷದವರು ಉರಿದುಬಿದ್ದರು. "ಆಂಟಿ, ಗೆದ್ದದ್ದನ್ನ ಯಾಕೆ ಕೆದಕ್ತೀರಾ?" ಅಂತ ಒಬ್ಬರು ಬಾಗಿಲಿಗೇ ಬಂದರು. ದೊಡ್ಡಮ್ಮ ಅಲುಗಾಡಲಿಲ್ಲ. ಹಾಗಂತ ಪಕ್ಷಾಂತರವೂ ಮಾಡಲಿಲ್ಲ! ಮನೆಮನೆಗೆ ಹೋಗಿ ಹುಲ್ಲಿಗೇ ವೋಟು ಕೇಳಿದರು.

ಎಣಿಕೆಯ ಸಂಜೆ ಕ್ಲಬ್‌ಹೌಸ್ ತುಂಬಿತ್ತು. ಅಧ್ಯಕ್ಷರು ಎದ್ದು ನೀರು ಗೆದ್ದಿದೆ ಎಂದರು, ಅದೂ ಭಾರಿ ಅಂತರದಿಂದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ. ಶ್ರುತಿ ಉಸಿರು ಬಿಗಿಹಿಡಿದಿದ್ದಳು. ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ಕೈಮುಗಿದೆ. ದಯವಿಟ್ಟು ಇವರ ಬಾಯಲ್ಲಿ 'ಇನ್ನೊಂದ್ಸಲ' ಬರದಿರಲಿ!

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಹೋದ್ಸಲ ತಪ್ಪಾಗಿ ಗೆದ್ದಿದ್ದೆ. ಈ ಸಲ ಸರಿಯಾಗಿ ಸೋತಿದ್ದೀನಿ. ಕಂಗ್ರಾಜುಲೇಷನ್ಸ್, ಫ್ಲೇವಿ."

ಇಡೀ ಕ್ಲಬ್‌ಹೌಸ್ ಒಟ್ಟಿಗೆ ಉಸಿರುಬಿಟ್ಟಿತು. ಆಮೇಲೆ ಬಿತ್ತು ನೋಡಿ ಚಪ್ಪಾಳೆ!

ಮುಂದಿನ ಬೇಸಿಗೆಗೆ ಕೊಳದಲ್ಲಿ ನೀಲಿ ನೀರು ಬಂತು. ಮೊದಲ ದಿನ ನಾನು, ದೊಡ್ಡಪ್ಪ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಆಚೆ ದಡದಲ್ಲಿ ದೊಡ್ಡಮ್ಮ ಸೀರೆ ಎತ್ತಿ ಹಿಡಿದು, ಫ್ಲೇವಿ ಆಂಟಿಯ ಪಕ್ಕ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು.

"ಕೈಗೆ ಬಂದ ಗೆಲುವನ್ನ ಯಾರಾದ್ರೂ ಹೀಗೆ ಬಿಡ್ತಾರಾ ದೊಡ್ಡಪ್ಪ?" ಅಂತ ಕೇಳಿದೆ.

ಅವರು ಆಚೆ ದಡದತ್ತ ನೋಡುತ್ತಾ ಶುರುಮಾಡಿದರು. "ನಾನು ಇವಳನ್ನ ನೋಡೋಕೆ ಮೈಸೂರಿಗೆ ಹೋಗಿದ್ದೆನಲ್ಲ, ಅವತ್ತು ಅವರಪ್ಪ ಎಲ್ಲರೆದುರು ಕೇಳಿದ್ರು, 'ಹುಡುಗ ಬೇಡ ಅಂತೇನಿಲ್ಲ ತಾನೇ?' ಅಂತ. ಇವಳು ಇಲ್ಲ ಅಂತ ತಲೆ ಅಲ್ಲಾಡಿಸಿದ್ಲು. ಒಲ್ಲೆ ಅಂದ್ಲು ಅಂದ್ಕೊಂಡು ನಾವು ಎದ್ದು ಬಂದ್ವಿ."

"ಅಯ್ಯೋ! ಆಮೇಲೆ?"

"ನಮ್ಮಮ್ಮ ಬೇರೆ ಹುಡುಗಿ ನೋಡೋಕೆ ಹೊರಡಿಸಿದ್ರು. ನಾನು ಹೊಟ್ಟೆನೋವು ಅಂತ ಮಲಗಿಬಿಟ್ಟೆ. ಅಷ್ಟರಲ್ಲಿ ಅವರಪ್ಪ ಬಸ್ ಹತ್ತಿ ನಮ್ಮನೆಗೆ ಬಂದ್ರು. ಅಪ್ಪನ ಮುಂದೆ ತಲೆಯೆತ್ತಿ ಮಾತಾಡದ ಹುಡುಗಿ, ನಾವು ಎದ್ದು ಬಂದ ಮೇಲೆ ಅವರಿಗೆ ಅಡ್ಡ ನಿಂತು ಹೇಳಿದ್ಲಂತೆ, 'ಅಪ್ಪ, ಇನ್ನೊಂದ್ಸಲ ಕೇಳಿ. ನೆಟ್ಟಗೆ ಕೇಳಿ.'"

ಅವರ ಮಾತು ಮುಗಿಯುವ ಹೊತ್ತಿಗೆ ಆಚೆಯಿಂದ ದೊಡ್ಡಮ್ಮ ಕೂಗುತ್ತಿದ್ದರು. "ರೀ, ಬನ್ರೀ, ನೀರು ಬೆಚ್ಚಗಿದೆ!"

ಈಜು ಬಾರದ ದೊಡ್ಡಪ್ಪ, ಎರಡನೇ ಸಲ ಕರೆಸಿಕೊಳ್ಳದೆ, ಪ್ಯಾಂಟು ಮಡಚುತ್ತಾ ಎದ್ದರು.