ಹಸರ ಸೀರಿ ಉಟ್ಟ ಔಷಧದ ಪೆಟ್ಟಿಗಿ

ಡಾಕ್ಟರಕಿ ಅಂದ್ರ ಕುರ್ಚಿ ಮ್ಯಾಲ ಕುಂತು ನಾಡಿ ಹಿಡಿಯೂದು ಅಂತ ತಿಳಕೊಂಡವರು ಕಾಲರಾ ಬಂದಾಗ ಒಂದ ದಿನಾ ನನ್ನ ಜೋಡಿ ಸೈಕಲ್ ಹೊಡೀಬೇಕಾಗಿತ್ತು. ಮನಿಗೆ ಬರೂದ್ರಾಗ ಒಂದಿಲ್ಲೊಂದು ಫಜೀತಿ ಆಗೇ ಇರತಿತ್ತು. ಆಗ ಸ್ವಾತಂತ್ರ್ಯ ಬಂದು ಇನ್ನೂ ಹೊಸತು. ಗದಗ-ಬೆಟಗೇರಿ ಮುಂಬೈ ಸರಕಾರದ್ದು, ಲಕ್ಷ್ಮೇಶ್ವರದ ಕಡಿದೆಲ್ಲಾ ಸಂಸ್ಥಾನದ್ದು, ನಡುವ ಒಂದು ಗಡಿಕಲ್ಲು, ಸಾಮಾನು ತಪಾಸ ಮಾಡೂ ಒಂದು ನಾಕಾ. ಈಗ ಏಕೀಕರಣ ಆಗಿ ಎಲ್ಲಾ ಒಂದ ರಾಜ್ಯ ಆಗೇತಿ, ಆ ನಾಕಾದ ಕಟ್ಟಿ ಮ್ಯಾಲ ಆಡು ಮಲಗತಾವು. ನಾ ಗದಗಿನ್ಯಾಗ ಸಾಂಕ್ರಾಮಿಕ ರೋಗದ ಡಾಕ್ಟರ. ಮಂದಿ ಕರಿಯೂದು ಮಾತ್ರ 'ಸೂಜಿ ಡಾಕ್ಟರ'. ನನ್ನ ಹೆಣ್ತಿನೂ ಹಂಗ ಕರೀತಿದ್ಳು.

ಮನಿಗೊಬ್ಬರು

ಹೊಂಬಳ ಊರಿಗೆ ಕಾಲರಾದ ಸೂಜಿ ಹಾಕಾಕ ಹೋಗಿದ್ದೆ. ಹಿಂದಿನ ದಿನಾನ ಡಂಗುರಾ ಸಾರಸಿದ್ವಿ. ಹೋಗಿ ನೋಡಿದ್ರ ಚಾವಡಿ ಮುಂದ ಬರೇ ಗಟ್ಟಿಮುಟ್ಟ ಗಂಡಸರು. ಒಬ್ಬ ಹೆಣ್ಣಮಗಳಿಲ್ಲ, ಒಂದು ಕೂಸಿಲ್ಲ.

ಮುಂದ ನಿಂತಿದ್ದಂವ ಅಂಗಿ ತೋಳು ಏರಿಸಿ, "ನಮ್ಮ ಮನ್ಯಾಗ ಏಳು ಮಂದಿ ಅದೇವ್ರಿ. ಏಳೂ ಮಂದಿದು ನನಗ ಹಾಕಿಬಿಡ್ರಿ" ಅಂದ.

ಆ ಊರಾಗ ಕೆರಿ ಹೂಳು ತಗಿಯೂದಿರಲಿ, ಹಾದಿ ಸರಿ ಮಾಡೂದಿರಲಿ, ಮನಿಗೊಬ್ಬ ಆಳು ಕಳಸೂ ಪದ್ಧತಿ. ಡಂಗುರದಂವ ರೂಢಿ ಪ್ರಕಾರ "ಮನಿಗೊಬ್ಬರು ಬರಬೇಕು" ಅಂತ ಸಾರಿಬಿಟ್ಟಿದ್ದ.

"ಹಂಗ ನಡಿಯೂದಿಲ್ಲಪಾ, ಒಬ್ಬೊಬ್ಬರಿಗೂ ಬ್ಯಾರೆ ಹಾಕಬೇಕು" ಅಂದೆ.

"ನಮ್ಮವ್ವ ಒಬ್ಬಾಕಿ ಉಪಾಸ ಮಾಡಿದ್ರ ಮನಿಗೆಲ್ಲಾ ಪುಣ್ಯಾ ಹತ್ತತೈತಿ. ಸೂಜಿ ಯಾಕ ಹತ್ತೂದಿಲ್ರಿ?"

ನಾ ಡಂಗುರದಂವನ್ನ ಕರದು, "ಮನ್ಯಾಗಿನ ಎಲ್ಲಾರೂ ಬರಬೇಕು" ಅಂತ ಮತ್ತ ಸಾರಸಿದೆ. ಮರುದಿನ ಖರೇನ ಎಲ್ಲಾರೂ ಬಂದ್ರು. ಎತ್ತು, ಎಮ್ಮಿನೂ ಹಿಡಕೊಂಡ ಬಂದ್ರು.

ಯಾರ ಸೀಮಿ

ಅಷ್ಟರಾಗ ಸಂಸ್ಥಾನದ ಅಡರಕಟ್ಟ್ಯಾಗ ಕಾಲರಾ ಬಿತ್ತಂತ ಖಬರ ಬಂತು. ಅಲ್ಲಿಗೆ ಒಬ್ಬರ ಡಾಕ್ಟರು, ತಲಿಗೆ ರುಮಾಲು ಸುತ್ತಿದ ವಯಸ್ಸಾದ ಮನಷ್ಯಾ. ಅವರ ಹಂತ್ಯಾಕ ಸೂಜಿ ಔಷಧ ತೀರಿಹೋಗಿತ್ತು. ನನ್ನ ಕಪಾಟಿನ್ಯಾಗ ತುಂಬಿತ್ತು. ಆದ್ರ ಔಷಧ ಗಡಿ ದಾಟಬೇಕಾದ್ರ ಎರಡೂ ಸರಕಾರದ ಪರವಾನಗಿ ಬೇಕು. ನಾ ನಮ್ಮ ಸಾಹೇಬರ ಮುಂದ ಹೋಗಿ ನಿಂತೆ.

"ಸಾಹೇಬರ, ಅಡರಕಟ್ಟ್ಯಾಗ ಮಂದಿ ಸಾಯಾಕತ್ತ್ಯಾರ."

"ಅದು ನಮ್ಮ ಹದ್ದಿನ್ಯಾಗ ಬರೂದಿಲ್ಲಲಾ."

"ಕಾಲರಾ ಪರವಾನಗಿ ತಗೊಂಡ ಗಡಿ ದಾಟೇತೇನ್ರಿ?"

"ಅದು ದಾಟಿದ್ದು ತಪ್ಪು. ನಾವೂ ಅದ ತಪ್ಪು ಮಾಡೂದು ಬ್ಯಾಡ" ಅಂದ್ರು.

ನನಗ ಸಿಟ್ಟು ನೆತ್ತಿಗೇರಿತು. ಅತ್ತ ರುಮಾಲಿನ ಡಾಕ್ಟರೂ ತಮ್ಮ ಕಚೇರಿಗೆ ಅಲದಾಡಿ ಚಪ್ಪಲಿ ಸವಿಸಿದ್ರು. ಕಡೀಕ ಇಬ್ಬರೂ ದಿನಾ ಗಡಿಕಲ್ಲಿನ ಹಂತ್ಯಾಕ ಕೂಡಿ, ನಾಕಾದ ಕಾರಕೂನನ ತಲಿ ತಿನ್ನಾಕ ಹತ್ತಿದ್ವಿ.

ಒಂದಿನಾ ಅಡರಕಟ್ಟಿಯಿಂದ ಒಬ್ಬ ಪೇಶಂಟನ್ನ ಚಕ್ಕಡ್ಯಾಗ ಹಾಕ್ಕೊಂಡ ನನ್ನ ಕಡೆ ಹೊಂಟಿದ್ರು. ಕಾರಕೂನ ಗಡಿಕಲ್ಲಿನ ಮ್ಯಾಲ ಚಕ್ಕಡಿ ತರಬಿದ. "ತಲಿ ಆ ಕಡಿ ಐತಿ, ಕಾಲು ಈ ಕಡಿ ಅದಾವು. ಇಂವಾ ಯಾರ ಪೇಶಂಟ ಅಂತ ಮೊದಲ ಗೊತ್ತಾಗಲಿ" ಅಂದ.

"ಕಾಲರಾ ಇರೂದು ಹೊಟ್ಟ್ಯಾಗ. ಹೊಟ್ಟಿ ಯಾರ ಸೀಮ್ಯಾಗ ಐತಿ ನೋಡಪಾ" ಅಂದ್ರು ರುಮಾಲಿನ ಡಾಕ್ಟರು.

ಕಾರಕೂನ ಖರೇನ ಬಗ್ಗಿ ನೋಡಾಕ ಹತ್ತಿದ. ಪಾಪ, ಪೇಶಂಟ ಅಷ್ಟೊತ್ತನಕಾ ಕಣ್ಣು ಮುಚ್ಚಿ ಬಿದ್ದಿದ್ದ. ಈಗ ಕಣ್ಣು ತಗದು, ಸಣ್ಣ ದನಿಲೆ ಕೇಳಿದ: "ನಾ ಜಲ್ದಿ ಚರಗಿ ತಗೊಂಡ ಬಯಲಿಗೆ ಹೋಗಬೇಕ್ರಿ. ಯಾರ ಸೀಮ್ಯಾಗ ಕುಂಡ್ರಲಿ?"

ಚಕ್ಕಡಿ ಆ ಕ್ಷಣಾ ಬಿಟ್ರು. ಉಪ್ಪಿನ ನೀರು ಏರಿಸಿದ್ವಿ, ಮನಷ್ಯಾ ಬದುಕಿದ.

ಅವ್ವ ಬಂದ್ಳು

ಒಬ್ಬ ಬದುಕಿದ್ರ ಊರು ಬದುಕಿದಂಗ ಆಗಲಿಲ್ಲ. ಆದದ್ದಾಗಲಿ ಅಂತ ಒಂದು ಪೆಟ್ಟಿಗಿ ತುಂಬ ಔಷಧ ಸೈಕಲ್ಲಿಗೆ ಕಟಗೊಂಡ ಹೊಂಟೆ. ಬಿಸಲಿಗೆ ಔಷಧ ಕೆಡಬಾರದಂತ ಹೆಣ್ತಿ ತನ್ನ ಹಳೇ ಹಸರ ಸೀರಿ ನೀರಾಗ ಅದ್ದಿ ಪೆಟ್ಟಿಗಿಗೆ ಸುತ್ತಿದ್ಳು. ಗಡಿಕಲ್ಲಿನ ಹಂತ್ಯಾಕ ಬೇವಿನ ಗಿಡದ ಬುಡಕ ಅದನ್ನ ಇಳಿಸಿ, ಮ್ಯಾಲ ನಾಕ ಬೇವಿನ ಟೊಂಗಿ ಹೊಚ್ಚಿ, ಕಾರಕೂನನ ಕಾಲು ಹಿಡಿಯೂಣಂತ ನಾಕಾದ ಒಳಗ ಹೋದೆ.

ಈಗ ನಮ್ಮ ಕಡಿ ಪದ್ಧತಿ ಒಂದು ಹೇಳಬೇಕು. ಊರಿಗೆ ಇಂಥಾ ಬ್ಯಾನಿ ಬಂದ್ರ ದೇವಿ ಬಂದಾಳ ಅಂತಾರ. ಆ ಅವ್ವನ್ನ ಬುಟ್ಟಿ ಇಲ್ಲಾ ಪೆಟ್ಟಿಗ್ಯಾಗ ಕುಂಡ್ರಿಸಿ, ಹಸರ ಸೀರಿ ಉಡಿಸಿ, ಬೇವಿನ ತಪ್ಪಲಾ ಹೊಚ್ಚಿ, ಮರ್ಯಾದಿಲೆ ಊರ ಗಡಿ ದಾಟಿಸಿ ಇಟ್ಟ ಬರ್ತಾರ. ಮುಂದಿನ ಊರವರು ಆಕಿನ್ನ ತಮ್ಮ ಗಡಿ ದಾಟಸ್ತಾರ.

ಒಳಗ ನಾ ಕಾರಕೂನನ ಮುಂದ ಗೋಗರೀತಿದ್ದೆ. ಹೊರಗ ಹಲಗಿ ಬಡಿಯೂ ಸಪ್ಪಳಾತು. ಕಾರಕೂನ ಕಿಡಕ್ಯಾಗ ಇಣಕಿ ನೋಡಿದಂವನ ಟೊಪಗಿ ತಗದು ಕೈ ಮುಗದ. "ಅವ್ವ ಹೊಂಟಾಳ್ರಿ. ಆಕಿಗೆ ನಾಕಾ ಇಲ್ಲ" ಅಂದ. ನಾನೂ ಕೈ ಮುಗದೆ. ಹೊರಗ ಬಂದು ನೋಡಿದ್ರ ಬೇವಿನ ಬುಡಕ ಪೆಟ್ಟಿಗಿ ಇಲ್ಲ.

ಹಲಗಿ ಸಪ್ಪಳದ ಬೆನ್ನ ಹತ್ತಿ ಸೈಕಲ್ ತುಳದೆ. ಒಂದು ಊರಾಗ ಕೇಳಿದ್ರ "ಈಗಷ್ಟ ದಾಟಿಸಿದ್ವಿ, ನೀರು ಹಾಕಿ ಕಳಿಸೇವಿ" ಅಂದ್ರು. ಮುಂದಿನ ಊರಾಗ "ನಾವೂ ನೀರು ಹಾಕೇವಿ, ನಿಂಬಿಹಣ್ಣೂ ಇಟ್ಟೇವಿ" ಅಂದ್ರು. ಊರೂರಿಗೂ ನೀರು ಬಿದ್ದು ಔಷಧ ತಣ್ಣಗ ಉಳದಿತ್ತು. ಬೆವತು ಹಣ್ಣಾದಂವ ನಾ ಒಬ್ಬನ.

ಪೆಟ್ಟಿಗಿ ಸಿಕ್ಕಿದ್ದು ಅಡರಕಟ್ಟ್ಯಾಗ. ಗುಡಿ ಕಟ್ಟಿ ಮ್ಯಾಲ ಕುಂತಿತ್ತು, ಹಣಿಗೆ ಕುಂಕುಮ, ಮುಂದ ಹೋಳಿಗಿ. ಮಂದಿ ಶಿರಹಟ್ಟಿ ಕಡೆ ದಾಟಸೂಣು ಅಂತಿದ್ರು. ಗೌಡರ ಮನಿ ಮುದುಕಿ ಆಯಿ ಒಬ್ಬಾಕಿ ಅಡ್ಡ ಕುಂತಿದ್ಳು. "ಎಲ್ಲಾರೂ ದೂಡಿದ್ರ ಆಕಿ ಎಲ್ಲಿಗೆ ಹೋಗಬೇಕು? ಉಂಡು ಹೋಗಲಿ" ಅಂತ ಹಟಾ ಹಿಡದಿದ್ಳು.

"ಆಯಿ, ಅದು ನನ್ನ ಪೆಟ್ಟಿಗಿ" ಅಂದೆ.

"ಅವ್ವ ಒಬ್ಬರ ಸ್ವತ್ತೇನೋ ತಮ್ಮಾ?"

ಬ್ಯಾರೆ ಹಾದಿ ಇರಲಿಲ್ಲ. ಸೀರಿ ಬಿಚ್ಚಿ ಮುಚ್ಚಳಾ ತಗದೆ. ಬಾಟ್ಲಿ, ಸೂಜಿ ಕಂಡು ಎಲ್ಲಾರೂ ಮುಂದ ಒತ್ತಿ ಬಂದ್ರು. ಇನ್ನ ಬಡಿತಾರ ನನ್ನ ಅಂತ ಸೈಕಲ್ ಎಲ್ಲಿ ಐತಿ ನೋಡಿಕೊಂಡೆ. ಆಯಿ ಬಗ್ಗಿ ನೋಡಿ, "ನೋಡ್ರಿ, ಅವ್ವ ಬರಿಗೈಲೆ ಬಂದಿಲ್ಲ" ಅಂದು ತೋಳು ಮುಂದ ಮಾಡಿದ್ಳು.

ಆಮ್ಯಾಲ ನನಗ ಉಸರ ಬಿಡಾಕ ಪುರಸತ್ತಾಗಲಿಲ್ಲ. ರುಮಾಲಿನ ಡಾಕ್ಟರು ಓಡಿಬಂದು ಸೂಜಿ ಕುದಸಾಕ ಕುಂತ್ರು. ಅವರ ಕಣ್ಣಾಗ ನೀರು. ಸಂಜಿಮುಂದ ಕಾರಕೂನ ಬಂದ. "ಪರವಾನಗಿ ಇಲ್ದ ಈ ಔಷಧ ಗಡಿ ದಾಟಿಸಿದವರ್‍ಯಾರು?" ಅಂತ ಕೇಳಿದ.

ಊರಿಗೆ ಊರ ಅಂತು: "ಅವ್ವ ತಂದಾಳ್ರಿ. ನೀವ ಕೈ ಮುಗದು ಬಿಟ್ರಂತಲ್ಲ."

ಕಾರಕೂನ ಕೋಟು ಕಳದು ಸೂಜಿ ಹಾಕಿಸಿಕೊಳ್ಳಾಕ ಪಾಳೇಕ್ಕ ನಿಂತ.

ಆ ಊರಾಗ ಕಾಲರಾ ಇಳೀತು. ಆದ್ರ ಪೆಟ್ಟಿಗಿ ದಾಟಿ ಬಂದಿದ್ದ ಊರವರೆಲ್ಲಾ ಗದಗಿನ ದವಾಖಾನಿ ಮುಂದ ಬಂದು ಕುಂತ್ರು: "ಅವ್ವ ನಮ್ಮೂರಾಗೂ ನಿಂತು ಹೋಗ್ಯಾಳ, ನಮಗ್ಯಾಕ ಚುಚ್ಚಲಿಲ್ಲ?" ನಾ ಅವರನ್ನ ಕರಕೊಂಡ ಸಾಹೇಬರ ಕಡೆ ಹೋದೆ. ಸಾಹೇಬರು ಗದ್ದಲಾ ನೋಡಿ ಮೆತ್ತಗಾಗಿ, "ಆತು, ಪರವಾನಗಿಗೆ ಬರೀತೀನಿ ತಡೀರಿ" ಅಂದ್ರು.

"ಪರವಾನಗಿ ಇರಲಿ ಬಿಡ್ರಿ ಸಾಹೇಬರ," ಅಂದೆ. "ಊರಿಗೊಂದು ಹಸರ ಸೀರಿ ಮಂಜೂರು ಮಾಡ್ರಿ."