ಒಂದು ಚಕ್ರ ನೋಡಿ ನಾಲ್ಕಕ್ಕೂ ಪಾಸ್

ಬೆಳಿಗ್ಗೆ ಏಳು ಗಂಟೆ ನಲವತ್ತೆಂಟು ನಿಮಿಷ. ಎಂಟರ ಸೈರನ್ ಕೂಗುವುದರೊಳಗೆ ಕಾರ್ಖಾನೆಯಲ್ಲಿ ಕಾರ್ಡ್ ಪಂಚ್ ಮಾಡಬೇಕಾದವನು ಗಡಿಯಾರ ನೋಡದೆ ಉಸಿರನ್ನೂ ಬಿಡುವುದಿಲ್ಲವಾದ್ದರಿಂದ ಸಮಯ ಇಷ್ಟು ಖಚಿತವಾಗಿ ನೆನಪಿದೆ. ಪೀಣ್ಯದ ಒಂದು ಇಳಿಜಾರಿನಲ್ಲಿ, ಕಾರು ಓಡಿಸುತ್ತಿದ್ದ ನನ್ನ ಸ್ನೇಹಿತ ಶ್ರೀಕಂಠ, “ಲೋ, ಬ್ರೇಕ್ ಹಿಡೀತಾ ಇಲ್ಲ ಕಣೋ” ಎಂದ. ಕಷ್ಟಕಾಲದಲ್ಲಿ ಓದಿದವನು ಉಪಯುಕ್ತವಾದ ಮಾತೊಂದನ್ನು ಆಡಬೇಕಲ್ಲವೇ? “ಇನ್ನೊಂದ್ಸಲ ಒತ್ತು” ಎಂದೆ. ನನ್ನ ಬಿ.ಎಸ್ಸಿ. ಪದವಿ ಆ ಹೊತ್ತಿಗೆ ಒದಗಿಸಿದ್ದು ಅಷ್ಟೇ.

ಆ ಕಾರು ಅವನ ಕೈಗೆ ಬಂದದ್ದೇ ನನ್ನಿಂದ. ನಾವಿಬ್ಬರೂ ವೈಟ್‌ಫೀಲ್ಡಿನಲ್ಲಿ ಅಕ್ಕಪಕ್ಕದ ಮನೆಯವರು. ದುಡಿಯುವುದು ಊರಿನ ಇನ್ನೊಂದು ತುದಿಯ ಪೀಣ್ಯದಲ್ಲಿ. ಅವನ ಹೆಂಡತಿ ವನಜ ವೈಟ್‌ಫೀಲ್ಡಿನಲ್ಲೇ ಟೀಚರ್ ಆದ್ದರಿಂದ ಅವನು ಮನೆ ಬದಲಿಸುವಂತಿರಲಿಲ್ಲ; ನಾನು ಬದಲಿಸದಿದ್ದುದಕ್ಕೆ ಸೋಮಾರಿತನ ಬಿಟ್ಟರೆ ಕಾರಣವಿಲ್ಲ. ಎರಡು ಬಸ್ಸು ಬದಲಿಸಿ, ಯಾರದೋ ಕಂಕುಳಲ್ಲಿ ಮುಖವಿಟ್ಟುಕೊಂಡು ಎರಡು ಗಂಟೆ ನಿಲ್ಲುವುದು ನಮ್ಮ ದಿನಚರಿ. ಆಗ ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಶ್ರೀಕಂಠ ಬರೆಸಿಯೂ ಇದ್ದ. ಅಷ್ಟರಲ್ಲಿ ಮಹದೇವಪುರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಾರನ್ನು ಮಾರುತ್ತಾರೆಂಬ ಸುದ್ದಿಯನ್ನು ನಾನೇ ತಂದೆ.

“ಬೇಡ ಅಣ್ಣ, ಹೊಸದೇ ಬರ್ಲಿ. ಇಷ್ಟು ವರ್ಷ ಕಾದಿಲ್ವಾ?” ಎಂದರು ವನಜ.

“ಯಾಕಮ್ಮ ಹೆದರ್ತೀಯ? ನಾನಿದೀನಲ್ಲ, ನಾನೇ ನೋಡಿ ಪಾಸ್ ಮಾಡ್ತೀನಿ.”

ಹಾಗೆ ಹೇಳಿದ್ದು ಸ್ನೇಹದಿಂದಲೇ ಎಂದು ಬಹಳ ದಿನ ನಂಬಿದ್ದೆ. ನಿಜ ಹೇಳಬೇಕೆಂದರೆ, ಅವನ ಪಕ್ಕದ ಸೀಟು ನನ್ನ ಕಣ್ಣು ಕುಕ್ಕಿತ್ತು.

ನಾನು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬುಟ್ಟಿಗಟ್ಟಲೆ ಬರುವ ಬೋಲ್ಟುಗಳನ್ನು ಒಂದೊಂದಾಗಿ ಅಳೆಯಲು ಯಾರಿಗೆ ಪುರುಸೊತ್ತು? ಮೇಲಿಂದ ನಾಲ್ಕು ತೆಗೆದು ಅಳೆಯುವುದು, ಸರಿಯಿದ್ದರೆ ಇಡೀ ಬುಟ್ಟಿಗೆ ಹಸಿರು ಬಣ್ಣ ಬಳಿಯುವುದು. ಇದು ಕೆಲಸದ ಕ್ರಮ. ಹನ್ನೊಂದು ವರ್ಷದಲ್ಲಿ ಸ್ವಭಾವವೂ ಆಗಿತ್ತು. ಮೇಷ್ಟ್ರ ಮನೆಯಂಗಳದಲ್ಲಿ ಮುಂದಿನ ಬಲಚಕ್ರವನ್ನು ಬಿಚ್ಚಿಸಿ, ಬ್ರೇಕನ್ನು ಟಾರ್ಚ್ ಹಾಕಿ ನೋಡಿದೆ. ಕನ್ನಡಿಯಂತಿತ್ತು. ಶ್ರೀಕಂಠ ಒಳಗೆ ಕಾಫಿ ಕುಡಿಯುತ್ತಿದ್ದ. ಮೇಷ್ಟ್ರು ಜಾಕನ್ನು ತಾವೇ ಎಳೆದು ತಂದು, “ಉಳಿದ ಮೂರೂ ನೋಡ್ಬಿಡಿ ಸಾರ್. ಹಳೇ ಗಾಡಿ, ನಂಗೆ ಅದೆಲ್ಲ ತಿಳಿಯಲ್ಲ” ಎಂದರು. ನಾನು ಕೈ ಒರೆಸಿಕೊಂಡು, “ಒಂದು ನೋಡಿದ್ರೆ ಸಾಕು ಸಾರ್. ಪಾಸ್!” ಎಂದೆ.

ಕಾರು ಕೊಂಡ ಮೂರನೇ ವಾರ ಆ ಇಳಿಜಾರು. ತಳದಲ್ಲಿ ಒಂದು ಗಾರ್ಮೆಂಟ್ಸ್ ಗೇಟಿನೆದುರು ಹೆಂಗಸರ ಹಿಂಡು, ಕೈಯಲ್ಲಿ ಊಟದ ಡಬ್ಬಿಗಳು. ಶ್ರೀಕಂಠ ಹ್ಯಾಂಡ್ ಬ್ರೇಕ್ ಎಳೆದ. ಅದು ಕೊಡೆಯ ಹಿಡಿಯಂತೆ ಸುಮ್ಮನೆ ಮೇಲೆ ಬಂತು. ಹಾರ್ನ್ ಮಾತ್ರ ಸೊಗಸಾಗಿ ಕೆಲಸ ಮಾಡುತ್ತಿತ್ತು. ಹಸಿರು ಸೀರೆಯವಳೊಬ್ಬಳು ಓಡುವುದನ್ನೂ ಮರೆತು ನಮ್ಮನ್ನೇ ನೋಡುತ್ತ ನಿಂತಳು. ನಾನು ಕಣ್ಣು ಮುಚ್ಚಿದೆ. ಶ್ರೀಕಂಠ ಮುಚ್ಚಲಿಲ್ಲ, ಸ್ಟೇರಿಂಗನ್ನು ಎಡಕ್ಕೆ ಎಳೆದು, ಎರಕದ ಕಾರ್ಖಾನೆಯವರು ರಸ್ತೆಬದಿಗೆ ಸುರಿದಿದ್ದ ಕರಿ ಮರಳಿನ ಗುಡ್ಡೆಗೆ ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ. ಗುಡ್ಡೆಯ ಮೇಲೆ ಸನಿಕೆ ಹಿಡಿದಿದ್ದವನು ಕೆಳಗಿಳಿದು ಬಂದು, “ಏನ್ ಸಾರ್, ಮರಳು ತಗೊಂಡೋಗಾಕೆ ಎಲ್ರೂ ಲಾರಿ ತತ್ತಾರೆ, ನೀವು ಕಾರ್ ತಂದಿದೀರ!” ಎಂದ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ಹಿಂದಿನ ಎಡಚಕ್ರದಲ್ಲಿ ಬ್ರೇಕಿನ ಎಣ್ಣೆ ಪೂರ್ತಿ ಸೋರಿಹೋಗಿದೆ, ಸೋರಿಕೆ ಬಹಳ ಹಳೆಯದು ಎಂದ ಮೆಕ್ಯಾನಿಕ್. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಹಸಿರು ಸೀರೆಯವಳು ನಿಂತಿರುತ್ತಿದ್ದಳು. ಅದಕ್ಕಿಂತ ಕಷ್ಟವಾದದ್ದು ಶ್ರೀಕಂಠನ ವಿಶ್ವಾಸ. “ಇವನು ಎಲ್ಲಾ ನೋಡಿದ್ದ ಕಣೆ. ಆಮೇಲೆ ಆ ಮುದುಕನೇ ಏನೋ ಬದಲಾಯಿಸಿ ಮೋಸ ಮಾಡಿದಾನೆ” ಎಂದು ವನಜರ ಮುಂದೆ ನನ್ನ ಪರ ವಾದಿಸುತ್ತಿದ್ದ. ನಾನು ಅವರ ಮನೆಯ ಚಕ್ಕುಲಿ ತಿನ್ನುತ್ತ ಕೂತಿರುತ್ತಿದ್ದೆ. ಎರಡು ವಾರ ಹೀಗೇ ನಡೆಯಿತು.

ಒಂದು ಭಾನುವಾರ ಅವನು ಅಂಗಿ ತೊಟ್ಟು ಬಂದು, “ನಡಿ, ಆ ಮೇಷ್ಟ್ರ ಬೀದೀಲಿ ನಿಂತು ನಾಲ್ಕು ಜನರ ಮುಂದೆ ಮಾನ ಕಳೀತೀನಿ. ನೀನೇ ಸಾಕ್ಷಿ” ಎಂದ. ಜಾಕ್ ಎಳೆದು ತಂದ ಆ ಮುದುಕರ ಕೈ ಕಣ್ಣಮುಂದೆ ಬಂತು. ಬಸ್ ಸ್ಟಾಪಿನಲ್ಲಿ ಬಾಯಿ ಬಿಟ್ಟೆ.

“ಶ್ರೀಕಂಠ, ನಾನು ನೋಡಿದ್ದು ಒಂದೇ ಚಕ್ರ. ಉಳಿದಿದ್ದೂ ನೋಡಿ ಅಂತ ಅವರೇ ಹೇಳಿದ್ರು. ನಾನೇ ಬೇಡ ಅಂದೆ.”

“ವನಜ ಹಿಂದಿನ ಸೀಟಲ್ಲಿ ಎಷ್ಟು ಸಲ ಕೂತಿದ್ಲು, ಗೊತ್ತೇನಯ್ಯ?” ಎಂದಷ್ಟೇ ಕೇಳಿ ಅವನು ಮನೆಗೆ ತಿರುಗಿ ನಡೆದ. ನಾನೊಬ್ಬನೇ ಮಹದೇವಪುರಕ್ಕೆ ಹೋಗಿ, ಮಾಡದ ತಪ್ಪಿಗೆ ಸಿಕ್ಕಿಕೊಳ್ಳಲಿದ್ದ ಮೇಷ್ಟ್ರಿಗೆ ಸುಮ್ಮನೆ ಒಂದು ನಮಸ್ಕಾರ ಹಾಕಿ ಬಂದೆ. ಅವರು ಕಾರು ಹೇಗಿದೆ ಎಂದು ಕೇಳಿದರು.

ಆ ಭಾನುವಾರ ಹಾಸಿಗೆಗೆ ತಲೆಯಿಟ್ಟವನು ಎದ್ದದ್ದು ಹಾಲಿನವನ ಗಂಟೆಗೆ. ಇಳಿಜಾರೂ ಇಲ್ಲ, ಹಸಿರು ಸೀರೆಯೂ ಇಲ್ಲ. ಹಗುರಾಗಿ ಮೈಮುರಿಯುತ್ತ ಹೊರಗೆ ಬಂದರೆ, ವನಜ ಕಾಂಪೌಂಡಿನಾಚೆ ರಂಗೋಲಿ ಹಾಕುತ್ತಿದ್ದರು. ತಲೆಯೆತ್ತದೆ, “ನಿನ್ನೆ ಇವರಿಗೆ ಏನು ಹೇಳಿದ್ರಿ ಅಣ್ಣ? ರಾತ್ರಿಯೆಲ್ಲ ಎದ್ದು ಕೂತಿದ್ರು” ಎಂದರು.