ಬಣ್ಣ ನುಂಗಿದ ಇದ್ದಿಲು

೨೦೦೬ರ ಡೈರಿಯಲ್ಲಿ, ಯುಗಾದಿಯ ಮಾರನೆಯ ದಿನ ಬಾಡೂಟ ಮಾಡುವ ವರ್ಷತೊಡಕಿನ ಪುಟದಲ್ಲಿ, "ಇಂದು ಓರಗಿತ್ತಿ ಬಂದಿದ್ದಳು. ಸಾರು ಚೆನ್ನಾಗಿತ್ತು. ಮಿಕ್ಕಿದ್ದು ಚೆನ್ನಾಗಿರಲಿಲ್ಲ" ಎಂದು ಬರೆದಿದ್ದೇನೆ. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನು. ನಂಜನಗೂಡಿನ ನಮ್ಮ ಮಹಿಳಾ ಸಮಾಜದಲ್ಲಿ ವರ್ಷಕ್ಕೊಮ್ಮೆ ವಿಜ್ಞಾನದ ಭಾಷಣ ಮಾಡುತ್ತಿದ್ದವಳೂ ನಾನೇ. ಇಂಥ ಪ್ರಸಂಗಗಳು ಇಂಥವರ ಮನೆಯನ್ನೇ ಹುಡುಕಿಕೊಂಡು ಬರುತ್ತವೆ.

ಅತ್ತೆಯ ಹಲ್ಲುಪುಡಿ

ಓರಗಿತ್ತಿ ನರಸೀಪುರದಿಂದ ಮಗಳನ್ನೂ ಕರೆತಂದಿದ್ದಳು. ಎಲೆ ಹಾಕುವ ಮೊದಲೇ ಶುರು ಮಾಡಿದಳು: "ಅಕ್ಕಾ, ನಮ್ಮ ಮಗಳು ಇದ್ದಿಲಲ್ಲಿ ಪಿಎಚ್.ಡಿ. ಮಾಡ್ತಾವ್ಳೆ ಕಣಕ್ಕ."

"ನಮ್ಮತ್ತೆ ಜೀವಮಾನವೆಲ್ಲ ಇದ್ದಿಲಲ್ಲೇ ಹಲ್ಲುಜ್ಜಿದ್ರು. ಅವರನ್ನ ಯಾರು ಡಾಕ್ಟರ್ ಅಂದ್ರು?" ಎಂದೆ.

ಹುಡುಗಿ ನಕ್ಕಳು. "ಇದು ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲ, ದೊಡ್ಡಮ್ಮ. ಕಬ್ಬಿಣ ಸೇರಿಸ್ತೀವಿ. ಕಾರ್ಖಾನೆ ನೀರಲ್ಲಿರೋ ಬಣ್ಣ, ವಿಷ ಎಲ್ಲ ಹಿಡ್ಕೊಳ್ಳುತ್ತೆ. ಈ ಸಲ ನಿಮ್ಮ ಸಮಾಜದಲ್ಲಿ ಅದನ್ನೇ ಮಾತಾಡು ಅಂದವ್ರೆ."

ನನ್ನ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ಹಾಗಾಯಿತು. ಊಟಕ್ಕೆ ಇನ್ನೂ ಬಡಿಸಿಯೇ ಇರಲಿಲ್ಲ.

ನನ್ನ ಪ್ರಯೋಗ

ನನಗೇನು ಬರುವುದಿಲ್ಲವೇ? ತೆಂಗಿನ ಚಿಪ್ಪು ಸುಟ್ಟೆ. ಆ ಇದ್ದಿಲನ್ನು ತುಕ್ಕು ಮೊಳೆ ನೆನೆಸಿದ ನೀರಲ್ಲಿ ಅದ್ದಿ, ಒಣಗಿಸಿ, ಕುಟ್ಟಿ ಕಾಫಿ ಫಿಲ್ಟರಿಗೆ ತುಂಬಿದೆ. ಸಮಾಜದ ಅಧ್ಯಕ್ಷೆಯನ್ನು ಮನೆಗೆ ಕರೆಸಿ, ಅವರೆದುರಿಗೇ ಅರಿಸಿನ ಸುಣ್ಣ ಕದಡಿದ ಕೆಂಪು ನೀರು ಸುರಿದೆ. ಕೆಳಗಿಳಿದದ್ದು ಮಸಿಯಂಥ ಕಪ್ಪು ನೀರು. ಇದ್ದಿಲಪುಡಿ ತೊಳೆಯುವುದನ್ನೇ ಮರೆತಿದ್ದೆ.

ಅಧ್ಯಕ್ಷೆ ಲೋಟ ಎತ್ತಿ ನೋಡಿ ಕೇಳಿದರು: "ಇದು ಕೊಳೆ ಹಿಡಿಯೋದಾ, ಬಿಡೋದಾ ಮೇಡಂ?"

ಆರತಿ ನೀರು

ಭಾಷಣದ ದಿನ ಸದಸ್ಯೆಯರ ಮನೆಯವರೆಲ್ಲ ಬಂದಿದ್ದರು. ಅತಿಥಿಗೆ ಆರತಿ ಎತ್ತುವುದು ಹಿರಿಯಳ ಕೆಲಸ, ಹಿರಿಯಳು ನಾನು. ಹಲ್ಲು ಕಚ್ಚಿಕೊಂಡು ಎತ್ತಿದೆ. ದೃಷ್ಟಿ ಹೋಗಲೆಂದು ಆ ಕೆಂಪು ನೀರನ್ನು ಬಾಗಿಲಾಚೆ ಚೆಲ್ಲಲು ಹೊರಟರೆ, "ಚೆಲ್ಲಬೇಡಿ ದೊಡ್ಡಮ್ಮ, ನಂಗೆ ಬೇಕು" ಎಂದು ಹುಡುಗಿ ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡಳು. ತನ್ನ ಕರಿಪುಡಿ ಹಾಕಿ ಚೆನ್ನಾಗಿ ಕಲಕಿ, ಲೋಟದ ಹೊರಗೆ ಅಯಸ್ಕಾಂತ ಹಿಡಿದಳು. ಪುಡಿಯೆಲ್ಲ ಒಂದು ಪಕ್ಕಕ್ಕೆ ಸರಿಯಿತು, ನೀರು ತಿಳಿಯಾಯಿತು. ಸಭೆಯೆಲ್ಲ ಚಪ್ಪಾಳೆ.

ಮುಂದಿನ ಸಾಲಿನಲ್ಲಿದ್ದ ಓರಗಿತ್ತಿಗೆ ಮಾತ್ರ ಗಾಬರಿ. "ಅಲ್ಲ ಕಣವ್ವ, ನೀರೂ ಚೆಲ್ಲಲಿಲ್ಲ, ಬಣ್ಣನೂ ಇಲ್ಲ. ಹಂಗಾರೆ ನಿನ್ ಮೇಲಿದ್ದ ದೃಷ್ಟಿ ಎಲ್ಲೋಯ್ತು?"

ನಮ್ಮ ಯಜಮಾನರು ನನ್ನ ಮುಖ ನೋಡಿ ಹೇಳಿದರು: "ಎಲ್ಲೂ ಓಗಿಲ್ಲ ಕಣವ್ವ. ಇಲ್ಲೇ ತಟ್ಟೆ ಹಿಡ್ಕಂಡು ನಿಂತದೆ."

ಆ ಇದ್ದಿಲಿಗೆ ನಾನು ತೆತ್ತದ್ದು ಇಷ್ಟೇ: ಅಂದಿನಿಂದ ವರ್ಷದ ಭಾಷಣ ಆ ಹುಡುಗಿಯದು, ಆರತಿ ನನ್ನದು.